20 ವರ್ಷದ ಬೆಳ್ಳಿ ಸಿಮೆಂಟ್ ಹಲ್ಲು ಮುರಿದಿದೆ: ಕ್ಯಾಪ್ ಹಾಕಿಸಲಾ, ಮತ್ತೆ ಫಿಲ್ಲಿಂಗ್ ಸಾಕಾ?

ನಿಪ್ಪಟ್ಟು_ಸಂತ್ರಸ್ತ

ಹೋದ ಭಾನುವಾರ ಅಮ್ಮ ಊರಿಂದ ಕಳಿಸಿದ ನಿಪ್ಪಟ್ಟು ತಿನ್ನುತ್ತಿದ್ದೆ. ಬಾಯೊಳಗೆ ಕಟಕ್ ಅಂತು. ಕಡಲೆಬೀಜ ಗಟ್ಟಿಯಿರಬೇಕು ಅಂದುಕೊಂಡೆ. ಉಗುಳಿ ನೋಡಿದರೆ ಹಲ್ಲಿನ ಚೂರು, ಅಕ್ಕಿಕಾಳಿಗಿಂತ ಸ್ವಲ್ಪ ದೊಡ್ಡದು. ಕೆಳಗಿನ ಬಲಗಡೆ ದವಡೆ ಹಲ್ಲು. ಪಿಯುಸಿಯಲ್ಲಿ ಅದಕ್ಕೆ ಬೆಳ್ಳಿ ಸಿಮೆಂಟ್ ತುಂಬಿಸಿದ್ದರು, ಈಗ ನನಗೆ 38. ತಮಾಷೆ ಅಂದರೆ ಸಿಮೆಂಟ್ ಗಟ್ಟಿಯಾಗಿ ಕೂತಿದೆ, ಅದರ ಪಕ್ಕದ ಹಲ್ಲಿನ ಗೋಡೆ, ನಾಲಿಗೆ ಕಡೆಯದು, ಅದೇ ಹೋಗಿದೆ. ನೋವಿಲ್ಲ. ತಣ್ಣೀರು ಕುಡಿದರೆ ಜುಮ್ ಅನ್ನುತ್ತದೆ, ಎರಡು ಸೆಕೆಂಡಲ್ಲಿ ಹೋಗುತ್ತದೆ. ನಾಲಿಗೆ ಮಾತ್ರ ಇಡೀ ದಿನ ಅಲ್ಲೇ ಓಡುತ್ತದೆ, ಗೀರಿ ಗೀರಿ ಗಾಯ ಆಗಿದೆ.

ಎರಡು ಕಡೆ ತೋರಿಸಿದೆ. ಮೊದಲನೆಯವರು ಎಕ್ಸ್‌ರೇ ತೆಗೆದು, ಕ್ಯಾಪ್ ಹಾಕಲೇಬೇಕು, ಜಿರ್ಕೋನಿಯಾ (ಹಲ್ಲಿನ ಬಣ್ಣದ ಗಟ್ಟಿ ಪಿಂಗಾಣಿ ಥರದ್ದು), 11,000 ಆಗುತ್ತೆ, ರೂಟ್ ಕೆನಾಲ್ (ಹಲ್ಲಿನೊಳಗಿನ ನರ ತೆಗೆದು ತುಂಬೋದು) ಬೇಕಾದರೆ ಅದು ಬೇರೆ ಅಂದರು. ಎರಡನೆಯವರು ನಮ್ಮ ಏರಿಯಾದಲ್ಲೇ 30 ವರ್ಷದಿಂದ ಇರುವ ಹಿರಿಯರು. ಕನ್ನಡಿ ಹಿಡಿದು ನೋಡಿ, ಹಲ್ಲಿನ ಬಣ್ಣದ ಫಿಲ್ಲಿಂಗ್ ಮಾಡ್ತೀನಿ, 1,800 ಕೊಡಿ, ಎಷ್ಟು ವರ್ಷ ಬರುತ್ತೋ ಬರಲಿ ಅಂದರು. ಇಬ್ಬರಲ್ಲಿ ಯಾರು ನನಗೆ ಟೋಪಿ ಹಾಕ್ತಿದಾರೆ?

ಲೆಕ್ಕಿಗ

ಕ್ಯಾಪ್ ಅಂದರೇನೇ ಟೋಪಿ ಅಲ್ವಾ ಗುರು. ನೋವಿಲ್ಲದ ಹಲ್ಲಿಗೆ 11,000 ಯಾಕೆ? 1,800ರ ಫಿಲ್ಲಿಂಗ್ ಐದು ವರ್ಷ ಬಂದರೂ ಲಾಭ. ಉಳಿದ 9,200 ಎಫ್‌ಡಿ ಇಡಿ.

ಮಂಡಕ್ಕಿ_ಮಿರ್ಚಿ

ಲೆಕ್ಕಿಗ ಸರ್, ಇದೇ ಲೆಕ್ಕ ನಾನೂ ಹಾಕಿದ್ದೆ. ಮೇಲಿನ ದವಡೆ ಹಲ್ಲಿಗೆ ರೂಟ್ ಕೆನಾಲ್ ಮಾಡಿಸಿದೆ. ಆಮೇಲೆ ಕ್ಯಾಪ್ ಹಾಕಿಸಿ ಅಂದರು. ಈ ತಿಂಗಳು ಬೇಡ, ಬರೋ ತಿಂಗಳು ನೋಡೋಣ ಅಂತ ದೂಡಿದೆ. ಎಂಟು ತಿಂಗಳು ದೂಡಿದೆ. ಒಂದಿನ ಸಂಜೆ ಮಂಡಕ್ಕಿ ತಿನ್ನುವಾಗ ಅರಳದೆ ಉಳಿದ ಒಂದು ಕಾಳು ಸಿಕ್ಕಿತು. ಹಲ್ಲು ಸೌದೆ ಸೀಳಿದ ಹಾಗೆ ಎರಡು ಹೋಳು. ಬೇರಿನವರೆಗೆ ಸೀಳಿದೆ, ಏನೂ ಮಾಡೋಕಾಗಲ್ಲ ಅಂತ ಕಿತ್ತರು. ರೂಟ್ ಕೆನಾಲಿನ 4,500 ಮಣ್ಣುಪಾಲು, ಈಗ ಇಂಪ್ಲಾಂಟಿಗೆ, ಅಂದರೆ ದವಡೆ ಮೂಳೆಗೆ ಸ್ಕ್ರೂ ಕೂರಿಸಿ ಕಟ್ಟುವ ಹಲ್ಲಿಗೆ, 30 ಸಾವಿರ ಕೇಳುತ್ತಿದ್ದಾರೆ. ನಾನು ಎಡಗಡೆಯಲ್ಲಿ ಅಗಿದುಕೊಂಡು ಕಾಲ ಹಾಕುತ್ತಿದ್ದೇನೆ.

ದವಡೆ_ಡಾಕ್ಟ್ರು

ನಾನು ಹಲ್ಲಿನ ಡಾಕ್ಟರ್, ಚಿಕ್ಕ ಊರಲ್ಲಿ ಪ್ರಾಕ್ಟೀಸ್. ಬಾಯಿ ನೋಡದೆ ಇದೇ ಮಾಡಿಸಿ ಅಂತ ನಾನು ಹೇಳಲ್ಲ. ಆದರೆ ಇಬ್ಬರು ಡಾಕ್ಟರು ಎರಡು ಮಾತು ಹೇಳಿದ ತಕ್ಷಣ ಒಬ್ಬ ಕಳ್ಳ ಅನ್ನೋದು ತಪ್ಪು. ನಿಮ್ಮದು ನಿಜಕ್ಕೂ ಗಡಿಯಲ್ಲಿರುವ ಹಲ್ಲು. ಈ ಕಡೆಗೂ ವಾದ ಮಾಡಬಹುದು, ಆ ಕಡೆಗೂ.

ನಾವು ನೋಡೋದು ಹೋದ ಭಾಗವನ್ನಲ್ಲ, ಉಳಿದ ಗೋಡೆಯನ್ನ. ದವಡೆ ಹಲ್ಲಿನ ಮೇಲೆ ನಾಲ್ಕೈದು ಗುಬುಟುಗಳಿರುತ್ತವೆ, ಅಗಿಯುವಾಗ ಭಾರ ಬೀಳೋದು ಅವುಗಳ ಮೇಲೆ. ನಡುವೆ ಚಿಕ್ಕ ಹುಳುಕು, ಸುತ್ತ ಗೋಡೆ ದಪ್ಪ ಇದೆ ಅಂದರೆ ಫಿಲ್ಲಿಂಗ್ ಸಾಕು, ಅಂಥ ಹಲ್ಲಿಗೆ ಕ್ಯಾಪ್ ಹಾಕಿದರೆ ಅನ್ಯಾಯ. ಹುಳುಕು ಅಗಲವಾಗಿ ಮುಂದಿನ ಬದಿಯಿಂದ ಹಿಂದಿನ ಬದಿಯವರೆಗೆ ಕಾಲುವೆ ತೋಡಿದ ಹಾಗೆ ಹೋಗಿದ್ದರೆ ಎರಡು ಪಕ್ಕದ ಗೋಡೆಗಳು ಒಂದಕ್ಕೊಂದು ಆಸರೆಯಿಲ್ಲದೆ ನಿಂತಿರುತ್ತವೆ. ಪ್ರತಿ ಸಲ ಕಚ್ಚಿದಾಗ ಕೂದಲೆಳೆಯಷ್ಟು ಬಾಗುತ್ತವೆ. ನಿಮ್ಮ ಬೆಳ್ಳಿ ಸಿಮೆಂಟ್ ಹಲ್ಲಿಗೆ ಅಂಟಿಕೊಂಡಿರಲ್ಲ, ಗುಂಡಿಯ ಆಕಾರಕ್ಕೆ ಸಿಕ್ಕಿಕೊಂಡು ಕೂತಿರುತ್ತದೆ ಅಷ್ಟೇ. 20 ವರ್ಷ ಬಾಗಿ ಬಾಗಿ ಒಂದು ಗೋಡೆ ಬಿತ್ತು. ನಿಪ್ಪಟ್ಟಿನದೇನೂ ತಪ್ಪಿಲ್ಲ, ಅವತ್ತು ಚಪಾತಿ ತಿಂದಿದ್ದರೂ ಬೀಳುತ್ತಿತ್ತೇನೋ.

ಕ್ಯಾಪ್ ಕೆಲಸ ಅಂದರೆ ಎತ್ತಿನಗಾಡಿ ಚಕ್ರಕ್ಕೆ ಕಬ್ಬಿಣದ ಪಟ್ಟಿ ಬಿಗಿದ ಹಾಗೆ, ಉಳಿದ ಗೋಡೆಗಳನ್ನೆಲ್ಲ ಸುತ್ತ ಹಿಡಿದಿಡೋದು. ಆದರೆ ಪಟ್ಟಿ ಕೂರಬೇಕಲ್ಲ? ಅದಕ್ಕೆ ಹಲ್ಲನ್ನ ಮೇಲಿಂದ ಒಂದೂವರೆಯಿಂದ 2 ಮಿಲಿಮೀಟರ್, ಸುತ್ತಲೂ 1 ಮಿಲಿಮೀಟರ್ ಆಸುಪಾಸು ಉಜ್ಜಿ ತೆಗೆಯಬೇಕು. ಚೆನ್ನಾಗಿರೋ ಹಲ್ಲೂ ಹೋಗುತ್ತದೆ. ಮತ್ತೆ ಬೆಳೆಯಲ್ಲ. ಕೆಲವು ಹಲ್ಲುಗಳ ನರ ಆ ಉಜ್ಜುವಿಕೆಯನ್ನ ತಡೆಯದೆ ಸಾಯುತ್ತದೆ, ಆಮೇಲೆ ರೂಟ್ ಕೆನಾಲ್. ಹಿರಿಯ ಡಾಕ್ಟರು ಹಿಂದೇಟು ಹಾಕಿದ್ದು ಇದಕ್ಕೇ ಇರಬಹುದು.

ನಿಮ್ಮಿಂದ ಮೂರು ವಿಷಯ ಬೇಕು. ಗಟ್ಟಿ ಪದಾರ್ಥ ಕಚ್ಚಿ ಬಿಡುವಾಗ, ಕಚ್ಚುವಾಗ ಅಲ್ಲ ಬಿಡುವಾಗ, ಚುಳ್ ಅನ್ನುತ್ತಾ? ಮುರಿದ ಅಂಚು ವಸಡಿಗಿಂತ ಮೇಲಿದೆಯಾ, ಒಳಗೆ ಇಳಿದಿದೆಯಾ? ಯಾರಾದರೂ ಹಲ್ಲಿನ ಫೋಟೋ ತೆಗೆದು ತೋರಿಸಿದರಾ?

ನಿಪ್ಪಟ್ಟು_ಸಂತ್ರಸ್ತ

ಸರ್, ಬಿಡುವಾಗ ಅಂತ ಯಾವತ್ತೂ ಗಮನಿಸಿರಲಿಲ್ಲ. ಈಗ ಹುರಿಗಡಲೆ ಇಟ್ಟು ಕಚ್ಚಿ ನೋಡಿದೆ. ಹಿಂದಿನ ಮೂಲೆಯಲ್ಲಿ ಇಟ್ಟಾಗ ಬಿಡುವ ಹೊತ್ತಿಗೆ ಸೂಜಿ ಚುಚ್ಚಿದ ಹಾಗಾಯಿತು. ಮುಂದಿನ ಮೂಲೆಯಲ್ಲಿ ಏನೂ ಇಲ್ಲ. ಅಂಚು ವಸಡಿಗಿಂತ ಮೇಲೇ ಇದೆ. ಫೋಟೋ ಯಾರೂ ತೆಗೆದಿಲ್ಲ.

ದವಡೆ_ಡಾಕ್ಟ್ರು

ಮತ್ತೆ ಕಚ್ಚಿ ಪರೀಕ್ಷೆ ಮಾಡಬೇಡಿ ಮಾರಾಯ್ರೆ, ಇನ್ನೊಂದು ಗೋಡೆ ಬಿದ್ದೀತು. ಬಿಡುವಾಗ ಚುಚ್ಚೋದು ಬಿರುಕಿನ ಲಕ್ಷಣ. ಬಿರುಕು ಎಕ್ಸ್‌ರೇಯಲ್ಲಿ ಸಾಮಾನ್ಯವಾಗಿ ಕಾಣಲ್ಲ. ಹಳೆ ಸಿಮೆಂಟ್ ತೆಗೆದು, ಒಣಗಿಸಿ, ಪಕ್ಕದಿಂದ ಬೆಳಕು ಬಿಟ್ಟು ನೋಡಬೇಕು. ಬೆಳಕು ಬಿರುಕಿನ ಹತ್ತಿರ ನಿಂತುಬಿಡುತ್ತದೆ, ಆಚೆ ಕತ್ತಲೆ. ಇಬ್ಬರಲ್ಲಿ ಯಾರ ಹತ್ತಿರವಾದರೂ ಹೋಗಿ, ಮೊದಲು ಹಳೆಯದನ್ನ ತೆಗೆದು ಫೋಟೋ ತೋರಿಸಿ, ಆಮೇಲೆ ತೀರ್ಮಾನ ಮಾಡೋಣ ಅನ್ನಿ. ಒಳ್ಳೆಯ ಡಾಕ್ಟರು ಇದಕ್ಕೆ ಬೇಜಾರು ಮಾಡಿಕೊಳ್ಳಲ್ಲ.

ಹಳೆ_ಹುಲಿ

ನನಗೆ 67. 1984ರಲ್ಲಿ ಹಾಕಿಸಿದ ಎರಡು ಬೆಳ್ಳಿ ಫಿಲ್ಲಿಂಗ್ ಇವತ್ತಿಗೂ ಇವೆ. ನನ್ನ ಮಗನ ಹಲ್ಲಿನ ಬಣ್ಣದ ಫಿಲ್ಲಿಂಗ್ ಆರೇ ವರ್ಷಕ್ಕೆ ಕಿತ್ತು ಬಂತು. ಹೊಸದೆಲ್ಲ ನೋಡೋಕೆ ಚೆಂದ ಅಷ್ಟೇ.

ಇನ್ನು ಕ್ಯಾಪ್ ವಿಷಯ. ನಮ್ಮ ಭಾವಮೈದ ಹಬ್ಬದ ದಿನ ಹೋಳಿಗೆ ತಿನ್ನುವಾಗ ಕ್ಯಾಪ್ ಕಳಚಿ ಕೈಗೆ ಬಂತು. ಆ ಪುಣ್ಯಾತ್ಮ ಫೆವಿಕ್ವಿಕ್ ಹಾಕಿ ತಾನೇ ಅಂಟಿಸಿಕೊಂಡ! ಓರೆಯಾಗಿ ಕೂತು, ಬಾಯಿ ಮುಚ್ಚೋಕಾಗದೆ, ರಾತ್ರಿಯಿಡೀ ಒದ್ದಾಡಿದ. ಬೆಳಿಗ್ಗೆ ಡಾಕ್ಟರು ಅದನ್ನ ಕೊಯ್ದೇ ತೆಗೆಯಬೇಕಾಯಿತು. ಕಳಚಿದರೆ ಡಬ್ಬಿಯಲ್ಲಿ ಹಾಕಿಟ್ಟುಕೊಂಡು ಹೋಗಿ, ಸರಿಯಿದ್ದರೆ ಅದನ್ನೇ ತಿರುಗಿ ಕೂರಿಸುತ್ತಾರೆ.

ವಿಷಮುಕ್ತ_ಬಾಳು

ಬೆಳ್ಳಿ ಫಿಲ್ಲಿಂಗಿನಲ್ಲಿ ಪಾದರಸ ಇರುತ್ತದೆ!! ತಕ್ಷಣ ಎಲ್ಲ ತೆಗೆಸಿ. ಯೂರೋಪಲ್ಲಿ ಬ್ಯಾನ್ ಮಾಡಿದ್ದಾರೆ. ನನಗೆ ವಾಟ್ಸಾಪಲ್ಲಿ ವಿಡಿಯೋ ಬಂದಿದೆ.

ದವಡೆ_ಡಾಕ್ಟ್ರು

ಪಾದರಸ ಇರೋದು ನಿಜ, ತೂಕದಲ್ಲಿ ಸುಮಾರು ಅರ್ಧ. ಯೂರೋಪಿಯನ್ ಒಕ್ಕೂಟ 2025ರಿಂದ ನಿಲ್ಲಿಸಿದ್ದೂ ನಿಜ, ಆದರೆ ಅಲ್ಲಿ ದೊಡ್ಡ ಕಾರಣ ಪರಿಸರ, ಪಾದರಸ ನೀರಿಗೆ ಗಾಳಿಗೆ ಸೇರೋದು. ಪಾದರಸದ ಬಳಕೆ ಕಡಿಮೆ ಮಾಡೋ ಅಂತರರಾಷ್ಟ್ರೀಯ ಒಪ್ಪಂದ ಮಿನಮಾಟಾಗೆ ಭಾರತವೂ 2018ರಲ್ಲಿ ಸೇರಿದೆ. 15 ವರ್ಷದೊಳಗಿನ ಮಕ್ಕಳಿಗೆ, ಬಸುರಿ ಬಾಣಂತಿಯರಿಗೆ ಹೊಸದಾಗಿ ಹಾಕಬಾರದು ಅನ್ನೋದು 2022ರಲ್ಲಿ ಅದಕ್ಕೆ ಸೇರಿತು. ಹಾಗಂತ ಬಾಯಲ್ಲಿ ಗಟ್ಟಿಯಾಗಿರೋದನ್ನ ಹೆದರಿ ಕೊರೆಸಬೇಡಿ. ಕೊರೆಯುವಾಗಲೇ ಆವಿ ಜಾಸ್ತಿ ಏಳೋದು. ಹುಲಿ ಸರ್ ತಮ್ಮದನ್ನ ಹಾಗೇ ಇಟ್ಟುಕೊಳ್ಳಲಿ.

ಹಲ್ಲಿನ ಬಣ್ಣದ ಫಿಲ್ಲಿಂಗ್ ಬೇಗ ಹೋಗುತ್ತದೆ ಅನ್ನೋದಕ್ಕೆ ಬಹಳ ಸಲ ಕಾರಣ ಎಂಜಲು. ಅದು ಅಂಟುವ ವಸ್ತು, ಒದ್ದೆಯಲ್ಲಿ ಅಂಟಲ್ಲ. ಹಲ್ಲಿನ ಸುತ್ತ ರಬ್ಬರ್ ಹಾಳೆ ಕಟ್ಟಿ ಅಥವಾ ಹತ್ತಿ ಬದಲಾಯಿಸುತ್ತಾ ಒಣಗಿಸಿ, ಎರಡೆರಡು ಮಿಲಿಮೀಟರ್ ಪದರ ಹಾಕಿ, ಪ್ರತಿ ಪದರಕ್ಕೂ ನೀಲಿ ಲೈಟ್ ಹಿಡಿದು ಗಟ್ಟಿ ಮಾಡಬೇಕು. ದೊಡ್ಡ ಗುಂಡಿಗೆ ಮುಕ್ಕಾಲು ಗಂಟೆ ಬೇಕು. ಹತ್ತು ನಿಮಿಷದಲ್ಲಿ ಮುಗಿಸಿ ಎದ್ದೇಳಿ ಅಂದರೆ ಅನುಮಾನ ಪಡಿ. ಇನ್ನೊಂದು, ಫಿಲ್ಲಿಂಗ್ ಆದ ಮೇಲೆ ಪಕ್ಕದ ಹಲ್ಲಿನ ಸಂದಿಯಲ್ಲಿ ಊಟ ಸಿಕ್ಕಿಕೊಳ್ಳೋಕೆ ಶುರುವಾದರೆ ಸುಮ್ನೆ ಟೂತ್‌ಪಿಕ್ ಹಿಡಿದು ಕೂರಬೇಡಿ, ವಾಪಸ್ ಹೋಗಿ. ಎರಡು ಹಲ್ಲು ಬಿಗಿಯಾಗಿ ತಾಗುವಂತೆ ಕಟ್ಟಿಲ್ಲ ಅಂತ ಅರ್ಥ.

ತೋಟದ_ಮನೆ

ತೀರ್ಥಹಳ್ಳಿ ಕಡೆಯವನು. ನಮ್ಮಲ್ಲಿ ಅಡಿಕೆ ಜಗಿಯದವರು ಕಡಿಮೆ. ನನಗೆ 50 ಆಗುವಷ್ಟರಲ್ಲಿ ದವಡೆ ಹಲ್ಲಿನ ಗುಬುಟು ಎಲ್ಲ ಸವೆದು ಮಣೆ ಹಾಗೆ ಚಪ್ಪಟೆ. ಅದರಲ್ಲಿ ಒಂದು ಸೀಳಿತು. ಡಾಕ್ಟರು ಪಿಂಗಾಣಿ ಹೊದಿಸಿದ ಲೋಹದ ಕ್ಯಾಪ್ ಹಾಕಿದರು. ಒಂದೂವರೆ ವರ್ಷಕ್ಕೆ ಪಿಂಗಾಣಿ ಚಕ್ಕೆ ಎದ್ದು ಒಳಗಿನ ಲೋಹ ಕಾಣಿಸಿತು. ಎರಡನೇ ಸಲ ಪೂರ್ತಿ ಲೋಹದ್ದೇ ಹಾಕಿ ಅಂದೆ. ನಿಕ್ಕಲ್ ಇರುತ್ತೆ, ಅಲರ್ಜಿ ಇದೆಯಾ ಕೇಳಿದರು, ಇಲ್ಲ ಅಂದೆ. ಹಲ್ಲೂ ಕಡಿಮೆ ಉಜ್ಜಬೇಕಂತೆ, ಲೋಹ ತೆಳ್ಳಗಿದ್ದರೂ ತಡೆಯುತ್ತದಂತೆ. 2,800 ಆಯಿತು. ಏಳು ವರ್ಷ ಆಯಿತು, ಕಲ್ಲು. ನಕ್ಕರೆ ಸ್ವಲ್ಪ ಹೊಳೆಯುತ್ತದೆ, ತೋಟದಲ್ಲಿ ನೋಡೋರು ಯಾರು. ಅಡಿಕೆ ಬಿಡಿ ಅಂತಲೂ ಹೇಳಿದ್ದರು, ಅದು ಮುಂದಿನ ವರ್ಷ.

ಪಾವಗಡದ_ಹುಡುಗ

ನಮ್ಮ ಕಡೆ ಬೋರ್‌ವೆಲ್ ನೀರಲ್ಲಿ ಫ್ಲೋರೈಡ್ ಜಾಸ್ತಿ, ಹಲ್ಲೆಲ್ಲ ಕಂದು ಪಟ್ಟೆ. ಮುಂದಿನ ಹಲ್ಲಿನ ಮೂಲೆ ಮುರಿದು ಫಿಲ್ಲಿಂಗ್ ಮಾಡಿಸಿದರೆ ಎರಡು ಸಲ ಬಿದ್ದುಹೋಯಿತು. ಮೂರನೇ ಕಡೆ ಮೇಡಂ ಹೇಳಿದರು, ಫಿಲ್ಲಿಂಗ್ ಅಂಟಲಿ ಅಂತ ಮೊದಲು ಹಚ್ಚುವ ಆಸಿಡ್ ಜೆಲ್ ಫ್ಲೋರೈಡ್ ಹಲ್ಲಿನ ಮೇಲ್ಪದರಕ್ಕೆ ಬೇಗ ಹತ್ತಲ್ಲ, ಮೇಲಿನ ಪದರ ಸ್ವಲ್ಪ ಉಜ್ಜಿ, ಜೆಲ್ ಜಾಸ್ತಿ ಹೊತ್ತು ಬಿಡಬೇಕು ಅಂತ. ಹಾಗೆ ಮಾಡಿದರು, ಎರಡು ವರ್ಷದಿಂದ ಇದೆ. ಮೊದಲಿನ ಇಬ್ಬರೂ ಕ್ಯಾಪೇ ಗತಿ ಅಂದಿದ್ದರು. ಕೋಲಾರ, ಚಿಕ್ಕಬಳ್ಳಾಪುರ ಕಡೆಯವರು ಇದನ್ನ ಮೊದಲೇ ಬಾಯಿ ಬಿಟ್ಟು ಹೇಳಿ.

ಕ್ಯಾಪ್_ಕಹಿ

ಇಲ್ಲಿ ಎಲ್ಲರೂ ಕ್ಯಾಪ್ ಪರ ಮಾತಾಡುತ್ತಿದ್ದೀರಿ, ನನ್ನ ಕತೆ ಕೇಳಿ. ಚಿಕ್ಕ ಹುಳುಕು ಇತ್ತು. ಮಾಲ್‌ನಂತೆ ಫಳಫಳ ಅನ್ನೋ ಒಂದು ಕ್ಲಿನಿಕ್. ಆಫರ್ ಇದೆ ಮೇಡಂ, ಎರಡು ಕ್ಯಾಪ್ ತಗೊಂಡರೆ ಕ್ಲೀನಿಂಗ್ ಫ್ರೀ ಅಂದರು. ಪಕ್ಕದ ಹಲ್ಲಿಗೂ ಹಾಕೋಣ, ಮುಂದೆ ಹಾಳಾಗುತ್ತೆ ಅಂದರು. ನಾನು ಹೂಂ ಅಂದೆ, ಪೆದ್ದಿ. ನಾಲ್ಕು ತಿಂಗಳಿಗೆ ಚೆನ್ನಾಗಿದ್ದ ಆ ಪಕ್ಕದ ಹಲ್ಲೇ ರಾತ್ರಿ ಹೊತ್ತು ಮಿಡಿಯೋಕೆ ಶುರು. ಬಿಸಿ ಕಾಫಿ ಕುಡಿದರೆ ಹತ್ತು ನಿಮಿಷ ನೋವು ಹೋಗುತ್ತಿರಲಿಲ್ಲ. ಕೊನೆಗೆ ಬೇರೆ ಕಡೆ ಹೊಸ ಕ್ಯಾಪ್ ಮಧ್ಯದಲ್ಲೇ ತೂತು ಕೊರೆದು ರೂಟ್ ಕೆನಾಲ್ ಮಾಡಿದರು. ಮುಂದೆ ಹಾಳಾಗುತ್ತೆ ಅಂದಿದ್ದು ನಿಜವಾಯಿತು ಬಿಡಿ, ಅವರೇ ಮಾಡಿದರು.

ದವಡೆ_ಡಾಕ್ಟ್ರು

ಬೇಜಾರಾಗುತ್ತದೆ ಮೇಡಂ. ಚೆನ್ನಾಗಿರೋ ಹಲ್ಲಿಗೆ ಮುಂಜಾಗ್ರತೆ ಅಂತ ಕ್ಯಾಪ್ ಹಾಕೋದು ತಪ್ಪು, ಅದಕ್ಕೆ ಬೇರೆ ಮಾತಿಲ್ಲ.

ಕ್ಯಾಪ್, ಫಿಲ್ಲಿಂಗ್ ಎರಡರ ನಡುವೆ ಒಂದು ದಾರಿ ಇದೆ, ಇಲ್ಲಿ ಯಾರೂ ಎತ್ತಲಿಲ್ಲ. ಆನ್‌ಲೇ ಅಂತಾರೆ. ಬಿದ್ದ ಗುಬುಟು ಮತ್ತು ಬೀಳುವ ಹಾಗಿರೋ ಗುಬುಟಿನ ಮೇಲೆ ಮಾತ್ರ ಹೊದಿಸುವ ಪಿಂಗಾಣಿ ತುಂಡು, ಲ್ಯಾಬಲ್ಲಿ ಮಾಡಿಸಿ ಅಂಟಿಸೋದು. ಸುತ್ತಲೂ ಉಜ್ಜೋದು ತಪ್ಪುತ್ತದೆ. ಖರ್ಚು ಹೆಚ್ಚುಕಮ್ಮಿ ಕ್ಯಾಪಿನಷ್ಟೇ, ಕೆಲಸ ಇನ್ನೂ ನಾಜೂಕು, ಅದಕ್ಕೇ ಬಹಳ ಕಡೆ ಹೇಳಲ್ಲ. ನಿಪ್ಪಟ್ಟು ಅವರೇ, ನಿಮ್ಮ ಹಲ್ಲಲ್ಲಿ ಬಿರುಕು ಇಲ್ಲದಿದ್ದರೆ ಕೇಳಿ ನೋಡಿ.

ಚಿನ್ನು_ಅಮ್ಮ

ಮಧ್ಯೆ ಬಾಯಿ ಹಾಕ್ತೀನಿ. ಮಗಳಿಗೆ 5 ವರ್ಷ, ಹಾಲುಹಲ್ಲಿನ ದವಡೆಗೆ ಸ್ಟೀಲ್ ಕ್ಯಾಪ್ ಹಾಕಬೇಕು ಅಂದರು. ಬಿದ್ದುಹೋಗೋ ಹಲ್ಲಿಗೆ ಕ್ಯಾಪ್ ಯಾಕೆ ಅಂತ ನಮ್ಮ ಅತ್ತೆ ಗಲಾಟೆ. ಡಾಕ್ಟರ್ ಹೇಳಿದರು, ಆ ಹಲ್ಲು ಬೀಳೋಕೆ ಅವಳಿಗೆ 10-11 ವರ್ಷ ವಯಸ್ಸಾಗಬೇಕು, ಅಲ್ಲಿವರೆಗೆ ಜಾಗ ಹಿಡಿದಿರಬೇಕು, ಇಲ್ಲದಿದ್ದರೆ ಹಿಂದಿನ ಹಲ್ಲು ಮುಂದೆ ಜರುಗಿ ಹೊಸದು ಸೊಟ್ಟ ಬರುತ್ತದೆ ಅಂತ. ಇಂಜೆಕ್ಷನ್ನೂ ಇಲ್ಲ, ಕೊರೆಯೋದೂ ಇಲ್ಲ. ಎರಡು ದಿನ ಮೊದಲು ಹಲ್ಲಿನ ಸಂದಿಗೆ ಪುಟ್ಟ ರಬ್ಬರ್ ರಿಂಗ್ ಹಾಕಿದರು. ಆಮೇಲೆ ರೆಡಿ ಸಿಗುವ ಕ್ಯಾಪಲ್ಲಿ ಅಳತೆ ಆರಿಸಿ ಸಿಮೆಂಟ್ ತುಂಬಿ ಒತ್ತಿದರು, ಕಚ್ಚು ಪುಟ್ಟಿ ಅಂದರು, ಮುಗಿಯಿತು. ಮೊದಲ ಎರಡು ವಾರ ಕಚ್ಚುವಾಗ ಎತ್ತರ ಅನಿಸುತ್ತಿತ್ತು, ತಾನಾಗೇ ಸರಿಯಾಯಿತು. ಈಗ ಬೆಳ್ಳಿ ಹಲ್ಲು ಅಂತ ಸ್ಕೂಲಲ್ಲಿ ಎಲ್ಲರಿಗೂ ಬಾಯಿ ತೆರೆದು ತೋರಿಸುತ್ತಾಳೆ.

ಡಲ್ಲಾಸ್_ಕನ್ನಡಿಗ

ಇಲ್ಲಿ ಹಲ್ಲಿನ ಇನ್ಶೂರೆನ್ಸೇ ಬೇರೆ. ಕ್ಲೀನಿಂಗ್ ಪೂರ್ತಿ, ಫಿಲ್ಲಿಂಗಿಗೆ 80 ಪರ್ಸೆಂಟ್, ಕ್ಯಾಪಿಗೆ 50. ಅದೂ ವರ್ಷಕ್ಕೆ ಇಷ್ಟೇ ಅಂತ ಮಿತಿ, ನನ್ನದು 1,500 ಡಾಲರ್, ಒಂದು ಕ್ಯಾಪ್ ಒಂದು ರೂಟ್ ಕೆನಾಲಿಗೆ ಖಾಲಿ. ಹಾಗಾಗಿ ಇಲ್ಲಿ ಯಾವುದು ಬೇಕು ಅಂತ ತೀರ್ಮಾನ ಮಾಡೋದು ಅರ್ಧ ಹಲ್ಲು, ಅರ್ಧ ವರ್ಷದ ಮಿತಿ ಮುಗಿಯೋ ಡಿಸೆಂಬರ್ ತಿಂಗಳು. ಊರಿಗೆ ಬಂದಾಗ ಮಾಡಿಸೋಣ ಅನ್ನುವವರಿಗೆ ಒಂದು ಮಾತು: ಬಂದ ಮೊದಲ ವಾರವೇ ತೋರಿಸಿ. ನಾನು ಮದುವೆ, ಮುಂಜಿ ಎಲ್ಲ ಮುಗಿಸಿ ಕೊನೆ ವಾರ ಹೋದೆ. ಕ್ಯಾಪ್ ಲ್ಯಾಬಿಂದ ಬಂದಿದ್ದು ನಾನು ಏರ್‌ಪೋರ್ಟಿಗೆ ಹೊರಡೋ ದಿನ.

ಲೆಕ್ಕಿಗ

ನಮ್ಮಲ್ಲಿ ಹೆಲ್ತ್ ಪಾಲಿಸಿಯವರು ಅಪಘಾತದಲ್ಲಿ ಹಲ್ಲು ಮುರಿದರೆ ಬಿಟ್ಟು ಬೇರೆಗೆ ಸಾಮಾನ್ಯವಾಗಿ ಕೊಡಲ್ಲ. ನಿಪ್ಪಟ್ಟು ಅಪಘಾತದಲ್ಲಿ ಬರುತ್ತಾ ಕೇಳಿ ನೋಡಿ. ಖರ್ಚಿನ ಚಿಂತೆ ಇರೋರು ಡೆಂಟಲ್ ಕಾಲೇಜಿಗೆ ಹೋಗಿ. ಬೆಂಗಳೂರಲ್ಲಿ ಕೋಟೆ ಹತ್ತಿರ ವಿಕ್ಟೋರಿಯಾ ಆಸ್ಪತ್ರೆ ಆವರಣದಲ್ಲಿ ಸರ್ಕಾರಿ ಡೆಂಟಲ್ ಕಾಲೇಜಿದೆ. ನಮ್ಮ ತಾಯಿಗೆ ಅಲ್ಲೇ ಮಾಡಿಸಿದ್ದು. ವಿದ್ಯಾರ್ಥಿಗಳು ಮಾಡುತ್ತಾರೆ, ಪ್ರತಿ ಹಂತಕ್ಕೂ ಮೇಷ್ಟ್ರು ಬಂದು ನೋಡುತ್ತಾರೆ. ದುಡ್ಡು ಕಡಿಮೆ, ಆದರೆ ಅರ್ಧ ದಿನ ರಜೆ ಹಾಕಿ, ಅದೂ ನಾಲ್ಕೈದು ಸಲ. ದಾವಣಗೆರೆ, ಧಾರವಾಡ, ಮಂಗಳೂರು ಎಲ್ಲ ಕಡೆ ಕಾಲೇಜುಗಳಿವೆ.

ನಿಪ್ಪಟ್ಟು_ಸಂತ್ರಸ್ತ

ಐದು ವಾರ ಆಯಿತು, ವರದಿ ಒಪ್ಪಿಸುತ್ತೇನೆ.

ಹಿರಿಯ ಡಾಕ್ಟರ ಹತ್ತಿರವೇ ಹೋದೆ. ಫೋಟೋ ಕೇಳಿದೆ, ನಕ್ಕರು, ಅವರ ಅಸಿಸ್ಟೆಂಟ್ ಹುಡುಗಿ ಮೊಬೈಲಲ್ಲೇ ಪುಟ್ಟ ಕನ್ನಡಿ ಇಟ್ಟು ತೆಗೆದಳು. ಬೆಳ್ಳಿ ಸಿಮೆಂಟ್ ತೆಗೆದ ಮೇಲೆ ಒಳಗೆ ಕಪ್ಪು. ಅದನ್ನೆಲ್ಲ ಕೆರೆದು ಒಣಗಿಸಿದಾಗ ಹಿಂದಿನ ಗೋಡೆಯಲ್ಲಿ ಪೆನ್ಸಿಲ್ ಗೆರೆ ಎಳೆದ ಹಾಗೆ ಒಂದು ಬಿರುಕು, ಪುಣ್ಯಕ್ಕೆ ತಳದವರೆಗೆ ಇಳಿದಿರಲಿಲ್ಲ. ಡಾಕ್ಟರು ಫೋಟೋ ದೊಡ್ಡದು ಮಾಡಿ ತೋರಿಸಿ, "ನಾನು ಮೇಲಿಂದ ನೋಡಿ ಫಿಲ್ಲಿಂಗ್ ಸಾಕು ಅಂದೆ. ಈಗ ಒಳಗೆ ನೋಡಿದೆ, ಮಾತು ಬದಲಾಯಿಸ್ತೀನಿ, ಕ್ಯಾಪ್ ಹಾಕೋಣ" ಅಂದರು. ಐಸ್ ಹಾಗೆ ತಣ್ಣಗಿರೋ ಹತ್ತಿ ಇಟ್ಟು ನೋಡಿದರು, ನರ ಚೆನ್ನಾಗಿದೆ, ಸದ್ಯ ರೂಟ್ ಕೆನಾಲ್ ಬೇಡ ಅಂದರು. ಅವತ್ತು ಫಿಲ್ಲಿಂಗ್ ತುಂಬಿ, ಹಲ್ಲಿನ ಎತ್ತರ ಸ್ವಲ್ಪ ತಗ್ಗಿಸಿ ಮೂರು ವಾರ ನೋಡೋಣ ಅಂತ ಕಳಿಸಿದರು. ಚುಚ್ಚೋದು ಮೂರನೇ ದಿನಕ್ಕೆ ನಿಂತಿತು.

ಆಮೇಲೆ ಉಜ್ಜಿ ಅಳತೆ ತೆಗೆದರು. ಹಿಟ್ಟಿನಂಥ ಪೇಸ್ಟ್ ಬಾಯಿ ತುಂಬ ಇಟ್ಟು ಐದು ನಿಮಿಷ ಕಚ್ಚಿಕೊಂಡಿರಿ ಅಂದರು, ವಾಂತಿ ಬಂದ ಹಾಗೆ ಆಗುತ್ತದೆ, ಮೂಗಲ್ಲಿ ಉಸಿರಾಡಿ. ಒಂದು ವಾರ ತಾತ್ಕಾಲಿಕ ಕ್ಯಾಪ್. ಆ ವಾರ ಪೂರ್ತಿ ಮುದ್ದೆ, ಅದನ್ನ ಹೇಗೂ ಅಗಿಯಲ್ಲ. ತೋಟದ ಮನೆಯವರ ಮಾತು ಕೇಳಿ ಲೋಹದ್ದೇ ಅಂದಿದ್ದೆ, ಹೆಂಡತಿ "ನಕ್ಕರೆ ತಗಡು ಕಾಣುತ್ತೆ" ಅಂದಳು. ಜಿರ್ಕೋನಿಯಾ, 9,000. ಜೊತೆಗೆ ವಾರಂಟಿ ಕಾರ್ಡ್ ಕೊಟ್ಟರು. ಓದಿ ನೋಡಿದೆ, ವಾರಂಟಿ ಕ್ಯಾಪ್ ಒಡೆದರೆ ಮಾತ್ರ, ಒಳಗಿನ ಹಲ್ಲು ಹುಳುಕಾದರೆ ಇಲ್ಲ. ಕ್ಯಾಪ್ ಹುಳುಕಾಗಲ್ಲ, ಅದರ ಅಂಚಿನ ಕೆಳಗೆ ಹುಳುಕಾಗುತ್ತೆ, ಸಂದಿ ಬ್ರಷ್ ದಿನಾ ಹಾಕಿ ಅಂತ ಡಾಕ್ಟರೂ ಹೇಳಿದರು.

ಒಂದು ಎಡವಟ್ಟು ಆಯಿತು. ಕೂರಿಸಿದ ದಿನ ನೀಲಿ ಕಾಗದ ಇಟ್ಟು ಕಚ್ಚಿ, ಆ ಕಡೆ ಈ ಕಡೆ ಉಜ್ಜಿ ಅಂದರು. ದವಡೆ ಮರಗಟ್ಟಿತ್ತು, ಸರಿಯಿದೆ ಸರ್ ಅಂದುಬಿಟ್ಟೆ. ರಾತ್ರಿ ಊಟಕ್ಕೆ ಕೂತರೆ ಆ ಹಲ್ಲೊಂದೇ ಮೊದಲು ತಾಗುತ್ತಿದೆ, ಉಳಿದವು ಗಾಳಿಯಲ್ಲಿ. ಬೆಳಿಗ್ಗೆ ಹೋದೆ, ನೀಲಿ ಗುರುತು ಬಿದ್ದ ಕಡೆ ಎರಡು ನಿಮಿಷ ಉಜ್ಜಿ ಪಾಲಿಶ್ ಮಾಡಿದರು, ದುಡ್ಡು ತಗೊಳ್ಳಲಿಲ್ಲ.

ಲೆಕ್ಕಿಗ

9,000 ಮತ್ತು 1,800. ಒಟ್ಟು 10,800. ಮೊದಲನೆಯವರು ಹೇಳಿದ್ದು 11,000. ನಮ್ಮ ಚರ್ಚೆಯಿಂದ 200 ಉಳಿಯಿತು, ಆಟೋಗೆ ಎಷ್ಟಾಯಿತು?

ನಿಪ್ಪಟ್ಟು_ಸಂತ್ರಸ್ತ

640.

ದವಡೆ_ಡಾಕ್ಟ್ರು

ರಾತ್ರಿ ಹಲ್ಲು ಕಡಿಯುವ ಅಭ್ಯಾಸ ಇದೆಯಾ ಅಂತ ಹೆಂಡತಿಯವರನ್ನ ಕೇಳಿ. ಇದ್ದರೆ ಎದುರಿನ ಮೇಲಿನ ಹಲ್ಲಿಗೂ ಅದೇ ಗತಿ, ರಾತ್ರಿ ಹಲ್ಲಿನ ಮೇಲೆ ಹಾಕಿಕೊಂಡು ಮಲಗುವ ಗಾರ್ಡ್ ಮಾಡಿಸಿಕೊಳ್ಳಿ.

ನಿಪ್ಪಟ್ಟು_ಸಂತ್ರಸ್ತ

ಕೇಳಿದೆ ಸರ್. ಮದುವೆಯಾದಾಗಿಂದ ಹೇಳ್ತಾನೇ ಇದೀನಿ ಅಂದಳು.

ಹೊಸಬ_2

ನಮಸ್ಕಾರ ಡಾಕ್ಟ್ರೇ, ನಂದು ಮೇಲಿನ ಹಲ್ಲು, ಎಡಗಡೆ, ಊದಿಕೊಂಡಿದೆ, ಎಕ್ಸ್‌ರೇ ಫೋಟೋ ಹಾಕಲಾ? ಕ್ಯಾಪಾ ಫಿಲ್ಲಿಂಗಾ?

ದವಡೆ_ಡಾಕ್ಟ್ರು

ಊದಿಕೊಂಡಿದ್ದರೆ ಎರಡೂ ಅಲ್ಲ. ಫೋನ್ ಇಟ್ಟು ಇವತ್ತೇ ಹೋಗಿ ತೋರಿಸಿ.